ಅಡಿಕೆ ಧಾರಣೆಯ ತಾಣದಲ್ಲಿ ‘/ಧಾರಣೆ/ಶಿರಸಿ/ರಾಶಿ’ ಎಂಬ ಕಡತವೇ ಇಲ್ಲದಿದ್ದರೂ ಆ ಪುಟ ತೆರೆಯುವುದು ಹೇಗೆ?

ವೆಬ್ ವಿಳಾಸದಲ್ಲಿ ಕಾಣುವ ಹಾದಿ ಕಡತದ ಹೆಸರೇ ಆಗಿರಬೇಕಿಲ್ಲ; ಅದು ಒಂದು ಕೋರಿಕೆ, ಅದಕ್ಕೆ ಏನು ಕೊಡಬೇಕೆಂಬುದನ್ನು ಸರ್ವರಿನಲ್ಲಿ ಬರೆದಿಟ್ಟ ನಿಯಮಗಳು ನಿರ್ಧರಿಸುತ್ತವೆ.

‘/ಚಿತ್ರ/ಚಾಲಿ.ಜೆಪಿಜಿ’ ಎಂದು ಕೇಳಿದರೆ ಸರ್ವರ್ ತನ್ನ ಮೂಲ ಫೋಲ್ಡರಿನೊಳಗೆ ಅದೇ ಹಾದಿಯಲ್ಲಿ ಹುಡುಕಿ, ಸಿಕ್ಕ ಚಿತ್ರವನ್ನು ಇದ್ದಂತೆಯೇ ಕಳುಹಿಸುತ್ತದೆ. ನೀವು ಕೇಳಿದ ಹಾದಿಯಲ್ಲಿ ಕಡತ ಸಿಗದಿದ್ದಾಗ, ಎಂಜಿನ್‌ಎಕ್ಸ್ ಸರ್ವರಿನ ‘ಟ್ರೈ_ಫೈಲ್ಸ್’ನಂಥ ನಿಯಮವು ಕೋರಿಕೆಯನ್ನು ‘ಇಂಡೆಕ್ಸ್.ಪಿಎಚ್‌ಪಿ’ ಎಂಬ ಒಂದೇ ಸ್ಕ್ರಿಪ್ಟಿಗೆ, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ, ಒಪ್ಪಿಸುತ್ತದೆ. ಆ ಸ್ಕ್ರಿಪ್ಟ್ ಹಾದಿಯನ್ನು ಓರೆಗೆರೆಗಳಲ್ಲಿ ಬಿಡಿಸಿ, ‘ಶಿರಸಿ’ಯನ್ನು ಮಾರುಕಟ್ಟೆಯೆಂದೂ ‘ರಾಶಿ’ಯನ್ನು ಅಡಿಕೆಯ ಬಗೆಯೆಂದೂ ಓದಿಕೊಂಡು, ಡೇಟಾಬೇಸಿನಿಂದ ದರ ತೆಗೆದು ಪುಟವನ್ನು ಆ ಕ್ಷಣದಲ್ಲೇ ರಚಿಸುತ್ತದೆ.

ಒಂದು ಎಚ್ಚರ ಅಗತ್ಯ: ಪಿಎಚ್‌ಪಿ ಕಡತಗಳನ್ನು ಚಲಾಯಿಸಬೇಕೆಂಬ ನಿಯಮ ಬಿಟ್ಟುಹೋದರೆ ಸರ್ವರ್ ಅವನ್ನೂ ಚಿತ್ರದಂತೆ ನೇರವಾಗಿ ಕಳುಹಿಸುವುದರಿಂದ, ಒಳಗೆ ಬರೆದಿಟ್ಟ ಪಾಸ್‌ವರ್ಡ್ ಕಂಡವರ ಕೈಗೆ ಸಿಗುತ್ತದೆ.