ಸಹಿ ಒಬ್ಬರದು, ಹುಕುಂ ಇನ್ನೊಬ್ಬರದು

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಮ್ಯುನಿಸ್ಟ್ ಆಡಳಿತದಲ್ಲಿ ರಾಷ್ಟ್ರಾಧ್ಯಕ್ಷನ ಸ್ಥಾನಮಾನದ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಚೀನಾದಲ್ಲಿ ರಾಷ್ಟ್ರಾಧ್ಯಕ್ಷ ದೊಡ್ಡವರೋ, ಪಕ್ಷದ ಪ್ರಧಾನ ಕಾರ್ಯದರ್ಶಿ ದೊಡ್ಡವರೋ? ಒಂದೊಂದು ಗೈಡ್‌ನಲ್ಲಿ ಒಂದೊಂದು ಥರ ಬರೆದಿದ್ದಾರೆ. (ರಾಯಚೂರಿನ ಅಭ್ಯರ್ಥಿ)

ಉತ್ತರ: ಪ್ರಧಾನ ಕಾರ್ಯದರ್ಶಿಯೇ ದೊಡ್ಡವರು. ಅನುಮಾನವಿದ್ದರೆ ಯಾವ ಕುರ್ಚಿ ಯಾವಾಗ ಸಿಕ್ಕಿತು ಅನ್ನುವುದನ್ನು ನೋಡಿ. ಷಿ ಜಿನ್‌ಪಿಂಗ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದದ್ದೂ ಪಕ್ಷದ ಕೇಂದ್ರ ಸೇನಾ ಆಯೋಗದ ಅಧ್ಯಕ್ಷರಾದದ್ದೂ 2012ರ ನವೆಂಬರ್‌ನಲ್ಲಿ. ರಾಷ್ಟ್ರಾಧ್ಯಕ್ಷ ಪದವಿ ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ನಡುವಿನ ನಾಲ್ಕು ತಿಂಗಳು ಹು ಜಿಂಟಾವೋ ಹೆಸರಿಗೆ ರಾಷ್ಟ್ರಾಧ್ಯಕ್ಷರಾಗಿಯೇ ಇದ್ದರು, ಆದರೆ ದೇಶದ ಹಿಡಿತ ಆಗಲೇ ಕೈ ಬದಲಾಗಿತ್ತು.

ಇದಕ್ಕಿಂತ ಗಟ್ಟಿ ಸಾಕ್ಷಿ 1980ರ ದಶಕದಲ್ಲಿ ಚೀನಾದ ನಿಜವಾದ ಯಜಮಾನರಾಗಿದ್ದ ಡೆಂಗ್ ಷಿಯಾವೋಪಿಂಗ್. ಅವರು ಒಂದು ದಿನವೂ ರಾಷ್ಟ್ರಾಧ್ಯಕ್ಷರಾಗಲಿಲ್ಲ, ಆ ದಶಕದಲ್ಲಿ ಪ್ರಧಾನ ಕಾರ್ಯದರ್ಶಿಯೂ ಆಗಿರಲಿಲ್ಲ. ಆದರೆ 1981ರಿಂದ 1989ರವರೆಗೆ ಸೇನಾ ಆಯೋಗದ ಕುರ್ಚಿ ಬಿಡಲಿಲ್ಲ. ಆ ಕಾಲದ ರಾಷ್ಟ್ರಾಧ್ಯಕ್ಷರಾದ ಲಿ ಷಿಯನ್ನಿಯನ್, ಯಾಂಗ್ ಷಾಂಗ್‌ಕುನ್ ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತು? ಪಕ್ಷ, ಸೇನೆ, ರಾಷ್ಟ್ರ ಮೂರೂ ಪದವಿಗಳು ಒಬ್ಬರಲ್ಲೇ ಸೇರುವ ರೂಢಿ ಬಂದದ್ದು 1993ರಲ್ಲಿ, ಜಿಯಾಂಗ್ ಜೆಮಿನ್ ಕಾಲಕ್ಕೆ. ಗೈಡ್‌ಗಳ ಗೊಂದಲಕ್ಕೂ ಇದೇ ಕಾರಣ: ವ್ಯಕ್ತಿ ಒಬ್ಬರೇ ಆದ್ದರಿಂದ ಯಾವ ಪದವಿಯ ಬಲ ಎಷ್ಟು ಅನ್ನುವುದು ಕಾಣುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಚೀನಾ ಸಂವಿಧಾನ ರಾಷ್ಟ್ರಾಧ್ಯಕ್ಷರಿಗೆ ಏನು ಕೊಟ್ಟಿದೆ? ನಮ್ಮ ರಾಷ್ಟ್ರಪತಿಯ ಹಾಗೆ ಮಸೂದೆ ವಾಪಸ್ ಕಳಿಸಬಹುದೇ? (ಸಿಂಧನೂರಿನ ಉಪನ್ಯಾಸಕರು)

ಉತ್ತರ: ಕಳಿಸುವಂತಿಲ್ಲ. 1982ರ ಸಂವಿಧಾನದ 80 ಮತ್ತು 81ನೇ ವಿಧಿಗಳನ್ನು ಓದಿ. ಕಾನೂನು ಜಾರಿ, ಪ್ರಧಾನಿ ಹಾಗೂ ಮಂತ್ರಿಗಳ ನೇಮಕ ಮತ್ತು ವಜಾ, ಪದಕ ಪ್ರದಾನ, ಕ್ಷಮಾದಾನ, ತುರ್ತುಸ್ಥಿತಿ ಮತ್ತು ಯುದ್ಧ ಘೋಷಣೆ, ರಾಯಭಾರಿಗಳ ನೇಮಕ, ಒಪ್ಪಂದಗಳ ಸ್ಥಿರೀಕರಣ ಅಂತ ಪಟ್ಟಿ ಉದ್ದವಿದೆ. ಆದರೆ ಇವೆಲ್ಲಕ್ಕೂ ಒಂದೇ ಷರತ್ತು: ರಾಷ್ಟ್ರೀಯ ಜನತಾ ಮಹಾಸಭೆ (ಅಲ್ಲಿನ ಸಂಸತ್ತು) ಅಥವಾ ಅದರ ಸ್ಥಾಯಿ ಸಮಿತಿಯ ತೀರ್ಮಾನದಂತೆಯೇ ನಡೆಯಬೇಕು. ಷರತ್ತಿಲ್ಲದೆ ಉಳಿಯುವುದು ವಿದೇಶಿ ರಾಯಭಾರಿಗಳನ್ನು ಬರಮಾಡಿಕೊಳ್ಳುವಂಥ ಕೆಲಸ. ಪ್ರಧಾನಿ ಹುದ್ದೆಗೆ ಹೆಸರು ಸೂಚಿಸುವ ಹಕ್ಕೊಂದು ಬೇರೆ ವಿಧಿಯಲ್ಲಿದೆ, ಅದನ್ನೂ ಮಹಾಸಭೆ ಒಪ್ಪಬೇಕು.

ಒಂದು ಉದಾಹರಣೆ ನೋಡಿ. ಚೀನಾದ ನಾಗರಿಕ ಸಂಹಿತೆಯನ್ನು ಮಹಾಸಭೆ 2020ರ ಮೇ 28ರಂದು ಅಂಗೀಕರಿಸಿತು. ಅದೇ ದಿನ ರಾಷ್ಟ್ರಾಧ್ಯಕ್ಷರ 45ನೇ ಆದೇಶ ಹೊರಬಿತ್ತು. ಇಂಥ ಸಭೆ ಇಂಥ ದಿನ ಅಂಗೀಕರಿಸಿದ ಕಾನೂನನ್ನು ಈ ಮೂಲಕ ಪ್ರಕಟಿಸಲಾಗಿದೆ, 2021ರ ಜನವರಿ 1ರಿಂದ ಜಾರಿ. ಆದೇಶದ ಸಾರ ಇಷ್ಟೇ. ಕೂತು ಯೋಚಿಸಲು ಅಲ್ಲಿ ಜಾಗವೇ ಇಲ್ಲ. ನಮ್ಮಲ್ಲಿ 111ನೇ ವಿಧಿಯಡಿ ಮಸೂದೆಯನ್ನು ಒಮ್ಮೆ ಹಿಂದಿರುಗಿಸಬಹುದು. 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಜೈಲ್ ಸಿಂಗ್ ಅಂಕಿತ ಹಾಕಲೂ ಇಲ್ಲ, ವಾಪಸ್ ಕಳಿಸಲೂ ಇಲ್ಲ, ಸುಮ್ಮನೆ ಇಟ್ಟುಕೊಂಡರು. ಅಂಥ ಸಂದು ಬೀಜಿಂಗ್‌ನಲ್ಲಿಲ್ಲ.

ಅಧ್ಯಕ್ಷರಾಗಲು ಕನಿಷ್ಠ 45 ವರ್ಷ ತುಂಬಿರಬೇಕು. ಸತತ ಎರಡೇ ಅವಧಿ ಎಂಬ ಮಿತಿಯನ್ನು 2018ರ ಮಾರ್ಚ್ 11ರಂದು ತೆಗೆದುಹಾಕಿದರು. ಪರ 2,958, ವಿರುದ್ಧ 2, ತಟಸ್ಥ 3. ಪ್ರಧಾನ ಕಾರ್ಯದರ್ಶಿಗಾಗಲಿ ಸೇನಾ ಆಯೋಗದ ಅಧ್ಯಕ್ಷರಿಗಾಗಲಿ ಮೊದಲಿನಿಂದಲೂ ಇಂಥ ಮಿತಿ ಇರಲಿಲ್ಲ. ಮೂರು ಕುರ್ಚಿಗಳಲ್ಲಿ ಬಡಪಾಯಿ ಕುರ್ಚಿಗೆ ಮಾತ್ರ ಬೀಗ ಹಾಕಿದ್ದರು, ಅದನ್ನೂ ತೆಗೆದರು.

ಪ್ರಶ್ನೆ: ಸೋವಿಯತ್ ಒಕ್ಕೂಟದಲ್ಲಿ ಗೋರ್ಬಚೆವ್‌ಗಿಂತ ಮುಂಚೆ ಅಧ್ಯಕ್ಷರೇ ಇರಲಿಲ್ಲವಂತೆ, ನಿಜವೇ? (ಕೊಪ್ಪಳದ ನಿವೃತ್ತ ಶಿಕ್ಷಕರು)

ಉತ್ತರ: ಆ ಹೆಸರಿನ ಹುದ್ದೆ ಬಂದದ್ದು 1990ರ ಮಾರ್ಚ್‌ನಲ್ಲೇ. 1989ರವರೆಗೆ ಅದೊಂದು ಸಾಮೂಹಿಕ ಹುದ್ದೆ. 1936ರ ಸಂವಿಧಾನದ ಪ್ರಕಾರ ಸುಪ್ರೀಂ ಸೋವಿಯತ್ತಿನ (ಅಲ್ಲಿನ ಸಂಸತ್ತಿನ) ಪ್ರಿಸೀಡಿಯಂ ಅಂದರೆ ಒಬ್ಬ ಅಧ್ಯಕ್ಷ, 11 ಉಪಾಧ್ಯಕ್ಷರು, ಒಬ್ಬ ಕಾರ್ಯದರ್ಶಿ, 24 ಸದಸ್ಯರು, ಒಟ್ಟು 37 ಜನ. ಸುಪ್ರೀಂ ಸೋವಿಯತ್ ವರ್ಷಕ್ಕೆರಡು ಸಲ, ಕೆಲವೇ ದಿನ ಸೇರುತ್ತಿತ್ತು. ಮಿಕ್ಕ ಕಾಲದಲ್ಲಿ ಫರ್ಮಾನುಗಳು ಪ್ರಿಸೀಡಿಯಂ ಹೆಸರಲ್ಲಿ ಬರುತ್ತಿದ್ದವು, ಅಧ್ಯಕ್ಷ ಮತ್ತು ಕಾರ್ಯದರ್ಶಿ ಇಬ್ಬರ ಸಹಿಯೊಂದಿಗೆ.

ನಿಮ್ಮ ಭಾಗದ ಹಿರಿಯರಿಗೆ ಇದು ಬೇಗ ಅರ್ಥವಾದೀತು. ಹೈದರಾಬಾದ್ ರಾಜ್ಯದಲ್ಲಿ 1950ರಿಂದ 1956ರವರೆಗೆ ನಿಜಾಮರು ರಾಜಪ್ರಮುಖರಾಗಿದ್ದರು, ಅಂದರೆ ರಾಜ್ಯಪಾಲರ ಸ್ಥಾನದಲ್ಲಿದ್ದರು. ಅಂಕಿತ ಅವರದು, 1952ರಿಂದ ಆಡಳಿತ ಮುಖ್ಯಮಂತ್ರಿ ಬೂರ್ಗುಲ ರಾಮಕೃಷ್ಣರಾಯರದು. ಮಾಸ್ಕೋದಲ್ಲಿ ವ್ಯತ್ಯಾಸ ಏನೆಂದರೆ, ಅಂಕಿತ ಹಾಕುವವನಿಗೆ ರಾಜಮರ್ಯಾದೆಯ ರಕ್ಷಣೆಯೂ ಇರಲಿಲ್ಲ. ಮಿಖಾಯಿಲ್ ಕಲಿನಿನ್ 1938ರಿಂದ 1946ರವರೆಗೆ ಪ್ರಿಸೀಡಿಯಂ ಅಧ್ಯಕ್ಷ, ಅದಕ್ಕೂ ಮುಂಚೆ ಅದೇ ಬಗೆಯ ಹುದ್ದೆಯಲ್ಲಿದ್ದವರು. ಕ್ಷಮಾದಾನದ ಅಧಿಕಾರ ಪ್ರಿಸೀಡಿಯಂನದೇ. ಆದರೂ 1938ರಲ್ಲಿ ಅವರ ಹೆಂಡತಿಯನ್ನೇ ಬಂಧಿಸಿ ಶಿಬಿರಕ್ಕೆ ಕಳಿಸಿದಾಗ ಅವರ ಕೈಲಿ ಏನೂ ಆಗಲಿಲ್ಲ.

1955ರಲ್ಲಿ ಸೋವಿಯತ್ ಪ್ರಧಾನಿ ಬುಲ್ಗಾನಿನ್ ಜೊತೆ ಭಾರತಕ್ಕೆ ಬಂದ ಕ್ರುಶ್ಚೇವ್ ಆಗ ರಾಷ್ಟ್ರದ ಮುಖ್ಯಸ್ಥರೂ ಅಲ್ಲ, ಪ್ರಧಾನಿಯೂ ಅಲ್ಲ, ಬರೀ ಪಕ್ಷದ ಕಾರ್ಯದರ್ಶಿ. 1961ರಲ್ಲಿ ಬ್ರೆಜ್ನೇವ್ ರಾಷ್ಟ್ರದ ಮುಖ್ಯಸ್ಥರಾಗಿ ಬಂದರು, ಆಗ ದೊಡ್ಡ ಯಜಮಾನ ಕ್ರುಶ್ಚೇವ್! ಮುಂದೆ ಪಕ್ಷವನ್ನು ಹಿಡಿದ ಬ್ರೆಜ್ನೇವ್, 1977ರಲ್ಲಿ ಪೊದ್ಗೋರ್ನಿಯನ್ನು ಇಳಿಸಿ ಪ್ರಿಸೀಡಿಯಂ ಕುರ್ಚಿಯನ್ನೂ ತೆಗೆದುಕೊಂಡರು. ವಿದೇಶದಲ್ಲಿ ಗೌರವ ವಂದನೆಗೂ ಒಪ್ಪಂದದ ಸಹಿಗೂ ಸರ್ಕಾರಿ ಪದವಿ ಬೇಕಲ್ಲ. ಪಕ್ಷದ ನಾಯಕರಿಗೆ ಈ ಕುರ್ಚಿಯ ಮೇಲೆ ಕಣ್ಣು ಬೀಳುವುದು ಬಹುಪಾಲು ಇದಕ್ಕೇ.

ಪ್ರಶ್ನೆ: ಅಧ್ಯಕ್ಷರನ್ನು ಕೆಳಗಿಳಿಸಬೇಕಾದರೆ ಏನು ಕ್ರಮ? (ಬಳ್ಳಾರಿಯ ವಕೀಲರು)

ಉತ್ತರ: ಕ್ರಮ ಪಾಲಿಸಿದ್ದು ನೋಡಬೇಕೆಂದರೆ ವಿಯೆಟ್ನಾಂ. ಅಧ್ಯಕ್ಷ ನ್ಗುಯೆನ್ ಸುವಾನ್ ಫುಕ್ ಅವರ ರಾಜೀನಾಮೆಯನ್ನು ಪಕ್ಷದ ಕೇಂದ್ರ ಸಮಿತಿ 2023ರ ಜನವರಿ 17ರಂದು ಒಪ್ಪಿತು, ರಾಷ್ಟ್ರೀಯ ಸಭೆ ಮರುದಿನ ಮತ ಹಾಕಿತು. ನಂತರ ಬಂದ ವೊ ವಾನ್ ತುವಾಂಗ್ ಅವರದೂ ಹಾಗೇ, 2024ರ ಮಾರ್ಚ್ 20 ಮತ್ತು 21. ಎರಡೂ ಸಲ ಉಪಾಧ್ಯಕ್ಷೆ ವೊ ತಿ ಆನ್ ಸುವಾನ್ ಹಂಗಾಮಿಯಾಗಿ ನಿಭಾಯಿಸಿದರು. ಮೊದಲು ಪಕ್ಷ, ಆಮೇಲೆ ಸಂಸತ್ತು. ಈ ಸರದಿ ತಪ್ಪುವುದಿಲ್ಲ.

ಕ್ರಮ ಗಾಳಿಗೆ ತೂರಿದ್ದು ಚೀನಾದಲ್ಲಿ. ಲಿಯು ಷಾವೋಚಿ 1959ರಲ್ಲಿ ಮಾವೋ ನಂತರ ರಾಷ್ಟ್ರಾಧ್ಯಕ್ಷರಾದರು. ಸಂವಿಧಾನದಂತೆ ಅವರನ್ನು ತೆಗೆಯುವ ಹಕ್ಕು ಮಹಾಸಭೆಗೆ ಮಾತ್ರ. 1968ರ ಅಕ್ಟೋಬರ್‌ನಲ್ಲಿ ಪಕ್ಷದ ಕೇಂದ್ರ ಸಮಿತಿ ಅವರನ್ನು ಪಕ್ಷದಿಂದ ಉಚ್ಚಾಟಿಸಿ, ಪಕ್ಷದ ಒಳಗಿನ ಹೊರಗಿನ ಎಲ್ಲ ಹುದ್ದೆಗಳಿಂದಲೂ ವಜಾ ಮಾಡಿತು. ಮಹಾಸಭೆಯನ್ನು 1965ರ ಜನವರಿಯಿಂದ 1975ರ ಜನವರಿವರೆಗೆ ಕರೆಯಲೇ ಇಲ್ಲ, ಕೇಳುವವರು ಯಾರು? ಲಿಯು 1969ರ ನವೆಂಬರ್‌ನಲ್ಲಿ ಕೈಫೆಂಗ್‌ನಲ್ಲಿ ಬಂಧನದಲ್ಲೇ ತೀರಿಕೊಂಡರು. 1975ರ ಸಂವಿಧಾನ ಆ ಹುದ್ದೆಯನ್ನೇ ಅಳಿಸಿತು, 1982ರಲ್ಲಿ ಮತ್ತೆ ತಂದರು.

ಯುಗೊಸ್ಲಾವಿಯದ ಪೇಚು ಬೇರೆ. ಅಧ್ಯಕ್ಷ ಟಿಟೊ 1980ರಲ್ಲಿ ತೀರಿಕೊಂಡ ಮೇಲೆ ಆರು ಗಣರಾಜ್ಯ, ಎರಡು ಸ್ವಾಯತ್ತ ಪ್ರಾಂತ್ಯಗಳ ಪ್ರತಿನಿಧಿಗಳು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಅಧ್ಯಕ್ಷರಾಗುವ ಏರ್ಪಾಡಿತ್ತು. ಎಲ್ಲರನ್ನೂ ಕಟ್ಟಿಹಾಕುವ ಒಂದೇ ಪಕ್ಷ ಇದ್ದಷ್ಟು ದಿನ ಗಾಡಿ ಓಡಿತು. 1990ರಲ್ಲಿ ಪಕ್ಷ ಒಡೆಯಿತು. 1991ರ ಮೇನಲ್ಲಿ ಕ್ರೊಯೇಷಿಯದ ಸ್ಟಿಪೆ ಮೆಸಿಚ್ ಸರದಿ ಬಂದಾಗ ಎಂಟರಲ್ಲಿ ಬೇಕಾದ ಐದು ಮತ ಸಿಗದೆ, ಸೇನೆಗೆ ದಂಡನಾಯಕನೇ ಇಲ್ಲದಂತಾಯಿತು.

ಪ್ರಶ್ನೆ: ನಮ್ಮ ಕೇರಳದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ಮುಖ್ಯಸ್ಥರು ಯಾರು? (ಗಂಗಾವತಿಯ ಓದುಗರು)

ಉತ್ತರ: ಬೇರೆ ರಾಜ್ಯಗಳಂತೆ ರಾಜ್ಯಪಾಲರೇ. 1957ರ ಏಪ್ರಿಲ್‌ನಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾದಾಗ ಅಲ್ಲಿದ್ದ ರಾಜ್ಯಪಾಲರು ಮೇಲೆ ಹೇಳಿದ ಬೂರ್ಗುಲ ರಾಮಕೃಷ್ಣರಾಯರೇ. 1959ರ ಜುಲೈ 31ರಂದು 356ನೇ ವಿಧಿಯಡಿ ಆ ಸರ್ಕಾರವನ್ನು ವಜಾ ಮಾಡಲಾಯಿತು.

ಪ್ರಶ್ನೆ: ರಾಷ್ಟ್ರಾಧ್ಯಕ್ಷರ ಬಗ್ಗೆ ಮಾರ್ಕ್ಸ್ ಏನಾದರೂ ಹೇಳಿದ್ದಾರೆಯೇ? (ಸಿರುಗುಪ್ಪದ ವಿದ್ಯಾರ್ಥಿನಿ)

ಉತ್ತರ: ಹುದ್ದೆಯ ನಕ್ಷೆ ಕೊಟ್ಟಿಲ್ಲ. 1871ರ ಪ್ಯಾರಿಸ್ ಕಮ್ಯೂನಿನಲ್ಲಿ (ಆ ನಗರದ ಬಂಡಾಯಗಾರರು ಕೆಲಕಾಲ ನಡೆಸಿದ ಸರ್ಕಾರದಲ್ಲಿ) ಅವರು ಮೆಚ್ಚಿದ್ದು ಜನ ಆರಿಸಿದ, ಜನ ಯಾವಾಗ ಬೇಕಾದರೂ ವಾಪಸ್ ಕರೆಸಿಕೊಳ್ಳಬಹುದಾದ, ಕೂಲಿಕಾರರಷ್ಟೇ ಸಂಬಳದ ಪ್ರತಿನಿಧಿಗಳನ್ನು. ವಾಪಸ್ ಕರೆಸುವ ಹಕ್ಕನ್ನು ಸೋವಿಯತ್ ಸಂವಿಧಾನದಲ್ಲೂ ಬರೆದಿದ್ದರು. ಕಲಿನಿನ್ ಮಾತ್ರ ಮೂರು ತಲೆಬರಹಗಳಡಿ 1919ರಿಂದ 1946ರವರೆಗೂ ಅಲ್ಲೇ ಕೂತಿದ್ದರು.