ಒಂದೇ ಕೈಯಲ್ಲಿ ಬಾಣ ಬಿಡಲು ಆಗುತ್ತಾ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತೊಂಬತ್ತು ವರ್ಷ, ಮಂಡ್ಯದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಹೆರಿಗೆ ಹೊತ್ತಲ್ಲಿ ನರಕ್ಕೆ ಪೆಟ್ಟಾಗಿ ಬಲಗೈಗೆ ಶಕ್ತಿ ಇಲ್ಲ, ಬೆರಳು ಬಿಗಿ ಹಿಡಿಯಲ್ಲ. ಬಿಲ್ಲುಗಾರ್ತಿ ಶೀತಲ್ ದೇವಿ ವಿಡಿಯೋ ನೋಡಿದಾಗಿನಿಂದ ಬಿಲ್ಲುಗಾರಿಕೆ ಕಲೀತೀನಿ ಅಂತ ಹಟ. ನಮ್ಮ ಯಜಮಾನರು "ಅದೆಲ್ಲ ರಿಯಾಯಿತಿ ಆಟ, ಸುಮ್ನೆ ದುಡ್ಡು ದಂಡ" ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ಪಾಂಡವಪುರ ತಾಲ್ಲೂಕು

ಉತ್ತರ: ಆಗುತ್ತೆ ತಾಯಿ. ಎಡಗೈ ಗಟ್ಟಿ ಇದೆ ತಾನೆ? ಅದರಲ್ಲಿ ಬಿಲ್ಲು ಹಿಡಿದು, ಹೆದೆಗೆ ಕಟ್ಟಿದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವ ಬಿಲ್ಲುಗಾರರಿದ್ದಾರೆ. ಶೀತಲ್‌ಗೆ ಎರಡೂ ಕೈಗಳಿಲ್ಲ. ಕುರ್ಚಿಯಲ್ಲಿ ಕೂತು ಬಲಗಾಲಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು, ದವಡೆಯ ಬಲದಿಂದ ಬಾಣ ಬಿಡುತ್ತಾಳೆ.

ರಿಯಾಯಿತಿ ಮಾತಿಗೆ ನನ್ನ ತಕರಾರಿದೆ. ಮೈಸೂರಿನಲ್ಲಿ ಪಿ.ಟಿ. ಟೀಚರ್ ಆಗಿದ್ದಷ್ಟು ಕಾಲವೂ ಈ ಮಾತು ಕೇಳಿ ಸಾಕಾಗಿದೆ. ಬಿಲ್ಲು ಹಿಡಿಯುವ ರೀತಿ ಬದಲಾಗುತ್ತೆ, ಕೂರಲು ಸ್ಟೂಲ್ ಕೊಡ್ತಾರೆ, ನಿಜ. ಆದರೆ ಪ್ಯಾರಾ, ಅಂದರೆ ಅಂಗವಿಕಲರ ಬಿಲ್ಲುಗಾರಿಕೆಯ ಓಪನ್ ವಿಭಾಗದಲ್ಲಿ, ತುದಿಯಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲಿಗೆ ಗುರಿ 50 ಮೀಟರ್ ದೂರದಲ್ಲೇ, ತುದಿ ಹೊರಗೆ ಬಾಗಿದ ರಿಕರ್ವ್ ಬಿಲ್ಲಿಗೆ 70 ಮೀಟರ್. ಕೈಕಾಲು ಸರಿಯಿರುವವರಿಗೂ ಅಷ್ಟೇ ದೂರ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ನೆರೋಲಿ ಫೇರ್‌ಹಾಲ್ ಗಾಲಿಕುರ್ಚಿಯಲ್ಲಿ ಕೂತು, ನಿಂತವರ ಜೊತೆಗೇ ಸ್ಪರ್ಧಿಸಿದರು. ಇರಾನಿನ ಜಹ್ರಾ ನೆಮಾತಿ 2016ರಲ್ಲಿ ರಿಯೊ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಆಡಿದರು. ಇನ್ನು ಶೀತಲ್: 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಮೊದಲ ಸುತ್ತಲ್ಲಿ 72 ಬಾಣಕ್ಕೆ 720ರಲ್ಲಿ 703 ಅಂಕ. ಆಮೇಲೆ ಒಂಟಿ ಸ್ಪರ್ಧೆಯಲ್ಲಿ 137–138, ಒಂದೇ ಅಂಕಕ್ಕೆ ಸೋಲು. ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದಲ್ಲಿ 156–155, ಒಂದೇ ಅಂಕಕ್ಕೆ ಕಂಚು! ಇದರಲ್ಲಿ ರಿಯಾಯಿತಿ ಎಲ್ಲಿದೆ ಅಂತ ಯಜಮಾನರನ್ನೇ ಕೇಳಿ.

ದುಡ್ಡಿನ ವಿಷಯದಲ್ಲಿ ಮಾತ್ರ ಅವರ ಕಡೆ ನಾನಿದ್ದೇನೆ. ವಿಡಿಯೋ ನೋಡಿ ಕಾಂಪೌಂಡ್ ಬಿಲ್ಲು ಕೊಳ್ಳಬೇಡಿ, ಸ್ಪರ್ಧೆಗೆ ಒಗ್ಗುವಂಥದ್ದು ಲಕ್ಷ ದಾಟಬಹುದು. ಮೊದಲು ಕೋಚ್ ಹತ್ತಿರ ಇರುವ ಹಗುರ ಬಿಲ್ಲಿನಲ್ಲಿ, ಹತ್ತಿರದ ಗುರಿಗೆ ಕಲಿಯಲಿ. ಹಲ್ಲಲ್ಲಿ ಎಳೆಯುವುದಾದರೆ ದಂತವೈದ್ಯರಿಗೆ ತೋರಿಸಿಯೇ ಶುರು ಮಾಡಿ. ರಿಕರ್ವ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೂ ಭಾರ ಹಲ್ಲಿನ ಮೇಲೇ ಇರುತ್ತೆ. ಕಾಂಪೌಂಡ್‌ನ ಗಾಲಿಗಳು ಕೊನೆಗೆ ಆ ಭಾರವನ್ನು ತುಂಬಾ ಇಳಿಸುತ್ತವೆ. ಹಾಗಾಗಿ ಇವಳಿಗೆ ಮುಂದೆ ಕಾಂಪೌಂಡೇ ಒಗ್ಗಬಹುದು. ಅದನ್ನು ಕೋಚ್ ನೋಡಿ ಹೇಳಲಿ.

ಅಂಗವಿಕಲತೆಯ ಯುಡಿಐಡಿ ಕಾರ್ಡ್ ಆಗಿದೆಯಾ? ಇಲ್ಲದಿದ್ದರೆ ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ.ಗೆ (ಅಂಗವಿಕಲರ ಕೆಲಸ ನೋಡಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಹೇಳಿ, ಮಾಡಿಸಿಕೊಡ್ತಾರೆ. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ಸ್ಪರ್ಧೆಗೆ ಸೇರಿಸಲ್ಲ. ಸ್ನಾಯುಗಳ ಬಲ ಅಳೆದು ಯಾವ ವಿಭಾಗ ಅಂತ ಬೇರೆಯಾಗಿ ನಿರ್ಧರಿಸ್ತಾರೆ. ಅಷ್ಟೊಂದು ತೊಂದರೆ ಇಲ್ಲ ಅನ್ನಿಸಿದರೆ ಪ್ಯಾರಾ ವಿಭಾಗಕ್ಕೆ ತೆಗೆದುಕೊಳ್ಳದೆಯೂ ಇರಬಹುದು. ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ.

ಮಂಡ್ಯದ ಕ್ರೀಡಾ ಇಲಾಖೆ ಕಚೇರಿಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ದಾರಿ ಸಿಗದಿದ್ದರೆ ಮೈಸೂರಿಗೆ ಬನ್ನಿ. ಹೇಗೂ ಒಂದು ಬಸ್ಸಿನ ದಾರಿ, ಅಲ್ವಾ? ಕೋಚ್‌ಗೆ ಕೇಳಬೇಕಾದ್ದು ಇಷ್ಟು: ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಬಲೆಯೋ ಇದೆಯಾ, ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಬೀಗ ಜಡಿಯದೆ ಬಳಸಲು ಬಿಟ್ಟಿರ್ತಾರಾ, ಪಟ್ಟಿ ಕಟ್ಟಿಕೊಡಲು ಜೊತೆಗೆ ಯಾರಿರ್ತಾರೆ. ಮನೆ ಹಿಂದಿನ ಕಬ್ಬಿನ ಗದ್ದೆ ಕಡೆ ಅಭ್ಯಾಸ ಖಂಡಿತ ಬೇಡ. ಬಾಣ ನೂರು ಮೀಟರ್ ದಾಟಿ ಹೋಗುತ್ತೆ, ಆ ಕಡೆ ನೀರು ಕಟ್ಟುವವರು ಇರ್ತಾರೆ.