ಕನ್ನಡ ಮೀಡಿಯಂನಲ್ಲಿ ಓದಿದವರು ಎಂಎ ಇಂಗ್ಲಿಷ್ ತಗೊಂಡ್ರೆ ತುಂಬಾ ಕಷ್ಟ ಆಗುತ್ತಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಸಿಕ್ಕಸಿಕ್ಕವರ ಹತ್ರ ಓಡಾಡ್ತಿದ್ದೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಬಿಎಯಲ್ಲಿ ಐಚ್ಛಿಕ ಇಂಗ್ಲಿಷ್ ಇದೆ, ಮಾರ್ಕ್ಸ್ ಪರವಾಗಿಲ್ಲ, ಆದ್ರೆ ನಾಲ್ಕು ವಾಕ್ಯ ಇಂಗ್ಲಿಷಲ್ಲಿ ಮಾತಾಡೋಕೆ ಹೋದ್ರೆ ನಾಲಿಗೆ ಒಣಗುತ್ತೆ, ಎಂಎ ಸೇರಿದ್ರೆ ಕ್ಲಾಸಲ್ಲಿ ಮರ್ಯಾದೆ ಹೋಗುತ್ತಾ, ಮುಗಿಸಿದ್ಮೇಲೆ ಕೆಲಸ ಸಿಗುತ್ತಾ ಅಂತ ಕೇಳಿದೀರಿ. ಮರ್ಯಾದೆ ಹೋಗುತ್ತೆ, ಒಂದು ಸೆಮಿಸ್ಟರ್ ಮಟ್ಟಿಗೆ. ಕೆಲಸದ ವಿಷಯ ಕೊನೆಗೆ ಹೇಳ್ತೀನಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಎಂಎ ಇಂಗ್ಲಿಷ್ ಅಂದ್ರೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಲ್ಲ. ನಮ್ಮೂರಲ್ಲಿ ನಾನು ಸೇರಿದೀನಿ ಅಂತ ಗೊತ್ತಾದ್ಮೇಲೆ ಬ್ಯಾಂಕಿನ ಫಾರಂ, ಗ್ಯಾಸಿನ ಫಾರಂ ಎಲ್ಲಾ ನಮ್ಮನೆಗೆ ಬರೋಕೆ ಶುರುವಾಯ್ತು, ನನಗೆ ಅದ್ರಲ್ಲಿ ಅರ್ಧ ಅರ್ಥ ಆಗ್ತಿರ್ಲಿಲ್ಲ ಅನ್ನೋದು ಬೇರೆ ಮಾತು. ಅಲ್ಲಿ ಓದೋದು ಸಾಹಿತ್ಯ. ಹದಿನಾಲ್ಕನೇ ಶತಮಾನದ ಕವಿ ಚಾಸರ್‌ನಿಂದ ಹಿಡಿದು ಷೇಕ್ಸ್‌ಪಿಯರ್, ಮಿಲ್ಟನ್, ರೊಮ್ಯಾಂಟಿಕ್ ಕವಿಗಳು, ವಿಕ್ಟೋರಿಯನ್ ಕಾದಂಬರಿ, ಎಲಿಯಟ್, ಆಮೇಲೆ ಅಮೆರಿಕನ್, ಆಫ್ರಿಕನ್, ಭಾರತೀಯರು ಇಂಗ್ಲಿಷಲ್ಲಿ ಬರೆದಿದ್ದು, ಅನುವಾದದಲ್ಲಿ ಭಾರತೀಯ ಸಾಹಿತ್ಯ, ವಿಮರ್ಶೆ, ಥಿಯರಿ, ಸ್ವಲ್ಪ ಭಾಷಾಶಾಸ್ತ್ರ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಹೆಚ್ಚುಕಮ್ಮಿ ಇರುತ್ತೆ, ಅಸ್ಥಿಪಂಜರ ಇದೇ.

ನಾನು ಮಂಡ್ಯ ಕಡೆಯವಳು, ಮನೇಲಿ ರಾಗಿ, ಹತ್ತಿಪ್ಪತ್ತು ತೆಂಗು. ಬಿಎಯಲ್ಲಿ ಒಂದ್ಸಲ ನಿಂತ್ಕೊಂಡು ಪಾಠ ಓದು ಅಂದಾಗ ಇಂಗ್ಲಿಷಿನ ನೈಟ್, ಅಂದ್ರೆ ಕುದುರೆ ಮೇಲಿನ ಯೋಧ, ಅದನ್ನ ಸ್ಪೆಲ್ಲಿಂಗ್ ನೋಡ್ಕೊಂಡು 'ಕ್ನೈಟ್' ಅಂತ ಓದ್ಬಿಟ್ಟೆ. ಇಡೀ ಕ್ಲಾಸ್ ನಕ್ಕಿತು, ಹೇಳ್ಕೊಡ್ತಿದ್ದವರೂ ನಕ್ಕರು, ಮೂರು ವರ್ಷ ನನಗೆ ಕ್ನೈಟ್ ಅಂತಾನೇ ಹೆಸರು. ಕನ್ನಡ ಓದಿದ ಕಣ್ಣು ಅಲ್ವಾ, ಬರೆದಿದ್ದನ್ನೆಲ್ಲ ಉಚ್ಚರಿಸಬೇಕು ಅಂದ್ಕೊಳ್ಳುತ್ತೆ, ಅಕ್ಷರ ಸುಮ್ಮನೆ ಕೂತಿರುತ್ತೆ ಅನ್ನೋದು ನಮಗೆ ಹೊಳೆಯೋದೇ ಇಲ್ಲ.

ಎಂಎ ಮೊದಲ ಸೆಮಿಸ್ಟರಲ್ಲಿ ಚಾಸರ್ ಬಂದ. ಮೇಡಂ ಬೋರ್ಡ್ ಮೇಲೆ ನಾಲ್ಕು ಸಾಲು ಬರೆದು ಯಾರಾದ್ರೂ ಓದಿ ಅಂದ್ರು. ಕಾನ್ವೆಂಟಿನಲ್ಲಿ ಓದಿದ ಹುಡುಗರು ಈಗಿನ ಇಂಗ್ಲಿಷಿನ ಥರ ಓದಿದ್ರು, ಲಯ ಕುಂಟ್ತಾ ಇತ್ತು. ಮೇಡಂ ಹೇಳಿದ್ರು, ಇದು 1400ಕ್ಕಿಂತ ಹಿಂದಿನ ಇಂಗ್ಲಿಷ್, ಆಗ ಇವರೂ ಬರೆದಹಾಗೇ ಓದ್ತಿದ್ರು, ನೈಟ್ ಅನ್ನೋದು ಹೆಚ್ಚುಕಮ್ಮಿ 'ಕ್ನಿಖ್ಟ್', ನೇಮ್ ಅನ್ನೋದು 'ನಾಮೆ', ಕೊನೆಯ ಸ್ವರಕ್ಕೂ ಜೀವ ಇತ್ತು, ಆಮೇಲೆ ಸುಮಾರು ಮುನ್ನೂರು ವರ್ಷದಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದ್ವು, ಅದ್ರ ಮಧ್ಯೆ 1476ರಲ್ಲಿ ಕ್ಯಾಕ್ಸ್ಟನ್ ಅನ್ನೋನು ಇಂಗ್ಲೆಂಡಿಗೆ ಅಚ್ಚಿನ ಪ್ರೆಸ್ ತಂದ, ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಬಾಯಿ ಮಾತ್ರ ಮುಂದಕ್ಕೆ ಹೋಗ್ತಾನೇ ಇತ್ತು ಅಂತ. ನನಗೆ ಒಳಗೊಳಗೇ ಎಷ್ಟು ಖುಷಿ ಅಂದ್ರೆ! ಕೈ ಎತ್ತಿ, ಕನ್ನಡ ಓದೋ ಹಾಗೆ ಒಂದೊಂದು ಅಕ್ಷರಾನೂ ಬಿಡಿಸಿ ಓದಿದೆ. ಸಾಲು ತಾನಾಗೇ ಕುಣಿದ್ಕೊಂಡು ಹೋಯ್ತು. ನನ್ನ ಕ್ನೈಟು ತಪ್ಪಾಗಿರ್ಲಿಲ್ಲ ಸ್ವಾಮಿ, ಆರುನೂರು ವರ್ಷ ಲೇಟಾಗಿತ್ತು ಅಷ್ಟೇ.

ಆ ವಾರ ಊರಿಗೆ ಹೋದಾಗ ಅಪ್ಪಂಗೆ ಆ ಸಾಲುಗಳ ಅರ್ಥ ಹೇಳ್ದೆ. ಏಪ್ರಿಲ್ ಮಳೆ ಬಂದು ಮಾರ್ಚಿನ ಬರ ಬೇರಿನ ತನಕ ನೆನೆಯುತ್ತೆ, ಹಕ್ಕಿ ಕೂಗುತ್ತೆ, ಆಗ ಜನಕ್ಕೆ ಯಾತ್ರೆ ಹೋಗ್ಬೇಕು ಅನ್ಸುತ್ತೆ, ಅಂತ ಶುರುವಾಗುತ್ತೆ ಕ್ಯಾಂಟರ್ಬರಿ ಕಥೆಗಳು. ಅಪ್ಪ ಬೀಡಿ ಆರಿಸಿ, 'ಅದು ನಮ್ ಭರಣಿ ಮಳೆ ಕಣವ್ವ, ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ' ಅಂದ್ರು, ಸ್ವಲ್ಪ ಹೊತ್ತು ಬಿಟ್ಟು 'ಅಲ್ಲ, ಮಳೆ ಬಿದ್ದ್ ಮ್ಯಾಲೆ ಆರು ಕಟ್ಟೋದ್ ಬುಟ್ಟು ಯಾತ್ರೆಗ್ ಯಾಕ್ ಹೊಂಟವ್ರೆ ಇವ್ರು?' ಅಂದ್ರು.

ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಸೋಮವಾರ ಕ್ಲಾಸಲ್ಲಿ ಅದನ್ನೇ ಕೇಳ್ದೆ, ಕನ್ನಡದಲ್ಲೇ ಕೇಳ್ದೆ, ಇಂಗ್ಲಿಷಿಗೆ ತಿರುಗಿಸೋಕೆ ಆಗ್ಲಿಲ್ಲ. ಮೇಡಂ ಒಂದು ನಿಮಿಷ ಸುಮ್ನಿದ್ದು, ಹೋಗಿ ಆ ಯಾತ್ರಿಕರಲ್ಲಿ ಎಷ್ಟು ಜನ ಉಳೋರು ಇದಾರೆ ನೋಡ್ಕೊಂಡು ಬಾ ಅಂದ್ರು. ನೋಡ್ದೆ. ಯಾತ್ರೆ ಹೊರಡೋಕೆ ಮುಂಚೆ ತಂಗೋ ಹೋಟ್ಲಿಗೆ ಬಂದ ಗುಂಪು ಇಪ್ಪತ್ತೊಂಬತ್ತು ಜನ ಅಂತಾನೆ ಚಾಸರ್. ಯೋಧ, ಸನ್ಯಾಸಿನಿ, ವ್ಯಾಪಾರಿ, ವಕೀಲ, ಡಾಕ್ಟ್ರು, ಅಡುಗೆಯವನು, ಐದು ಮದುವೆ ಆದ ಗಟ್ಟಿಗಿತ್ತಿ, ಎಲ್ಲಾ ಇದಾರೆ. ನೇಗಿಲು ಹಿಡಿಯೋನು ಒಬ್ಬನೇ. ಗೊಬ್ಬರ ಹೊತ್ತವನು, ಬಡವರಿಗೆ ದುಡ್ಡು ತಗೊಳ್ಳದೆ ದುಡಿಯೋನು ಅಂತ ಅವನನ್ನ ಬಾಯ್ತುಂಬ ಹೊಗಳ್ತಾನೆ ಕವಿ, ಆದ್ರೆ ದಾರೀಲಿ ಒಬ್ಬೊಬ್ರು ಕಥೆ ಹೇಳ್ಕೊಂಡು ಹೋಗ್ಬೇಕಲ್ಲ, ಅವನ ಪಾಲಿಗೆ ಕಥೆ ಇಲ್ಲ. ಚಾಸರ್ ಇಡೀ ಪುಸ್ತಕ ಮುಗಿಸ್ಲಿಲ್ಲ, ಬೇರೆ ಕೆಲವರಿಗೂ ಕಥೆ ಸಿಕ್ಕಿಲ್ಲ ಅನ್ನೋದು ನಿಜ, ಆದ್ರೂ ನನಗೆ ಅದು ಚುಚ್ಚಿತು. ಆಮೇಲೆ ಯಾರೋ ಬೇರೆಯವರು ಅವನಿಗೊಂದು ಕಥೆ ಬರೆದು ಚಾಸರ್ ಹೆಸರಲ್ಲಿ ಸೇರಿಸಿದ್ರು ಅಂತ ಗೊತ್ತಾಯ್ತು, ಅಂದ್ರೆ ಈ ಖಾಲಿ ಜಾಗ ನನಗಿಂತ ಮುಂಚೆ ಇನ್ನೊಬ್ಬರಿಗೂ ಚುಚ್ಚಿತ್ತು. ಅದೇ ನನ್ನ ಮೊದಲ ಸೆಮಿನಾರ್ ಪೇಪರ್ ಆಯ್ತು. ನಾನು ಹೇಳ್ತಿರೋದು ಇದೇ, ಎಂಎಯಲ್ಲಿ ಬೇಕಾಗಿರೋದು ಇಂಥ ಪ್ರಶ್ನೆ, ಅದು ನಿಮ್ಮ ಮನೇಲೇ ಸಿಗುತ್ತೆ, ಯಾವ ಗೈಡಲ್ಲೂ ಸಿಗಲ್ಲ.

ಇನ್ನೊಂದು ಉದಾಹರಣೆ, ಮಿಲ್ಟನ್. 1667ರ ಮಹಾಕಾವ್ಯ ಪ್ಯಾರಡೈಸ್ ಲಾಸ್ಟ್‌ನ ಮೊದಲ ವಾಕ್ಯ ನೋಡಿದ್ರೆ ಎಲ್ರಿಗೂ ತಲೆ ತಿರುಗುತ್ತೆ, ಯಾಕಂದ್ರೆ ಮುಖ್ಯ ಕ್ರಿಯಾಪದ ಬರೋದು ಆರನೇ ಸಾಲಲ್ಲಿ. ಇಂಗ್ಲಿಷಿನವರಿಗೆ ಇದು ವಿಚಿತ್ರ. ನಮಗೇನು ವಿಚಿತ್ರ ಹೇಳಿ, ಕನ್ನಡದಲ್ಲಿ ಕ್ರಿಯಾಪದ ಯಾವಾಗ್ಲೂ ಕೊನೆಗೇ ಅಲ್ವಾ ಬರೋದು, ಕಾಯೋದು ನಮಗೆ ಅಭ್ಯಾಸ. ಹಳಗನ್ನಡದ ಪದ್ಯ ಅನ್ವಯ ಮಾಡ್ಕೊಂಡು ಓದಿದವರಿಗಂತೂ ಮಿಲ್ಟನ್ ಬರೀ ಡಿಕ್ಷನರಿ ಕೆಲಸ. ನೈಜೀರಿಯಾದ ಕಾದಂಬರಿಕಾರ ಅಚೀಬೆಯ 1958ರ ಥಿಂಗ್ಸ್ ಫಾಲ್ ಅಪಾರ್ಟ್ ಓದುವಾಗ್ಲೂ ಹಾಗೇ ಆಯ್ತು. ಮನೆಗೆ ಬಂದವರ ಮುಂದೆ ಕೋಲಾ ಕಾಯಿ ಇಟ್ಟು, ಯಾರು ಒಡೀಬೇಕು ಅಂತ ನೀವು ನೀವು ಅಂತ ಉಪಚಾರ ಮಾಡ್ತಾರಲ್ಲ, ಫುಟ್‌ನೋಟ್ ನೋಡೋ ಅವಶ್ಯಕತೆನೇ ಬರ್ಲಿಲ್ಲ, ನಮ್ಮ ಎಲೆಅಡಿಕೆ ತಟ್ಟೆ ಕಣ್ಮುಂದೆ ಬಂತು.

ಹಾಗಂತ ಎಲ್ಲಾ ಸುಲಭ ಅಂತ ಸುಳ್ಳು ಹೇಳಲ್ಲ. ನನಗೆ ನಿಜವಾಗ್ಲೂ ಹೊಡೆತ ಬಿದ್ದಿದ್ದು ಬರೆಯೋದ್ರಲ್ಲಿ. ಮೊದಲ ಇಂಟರ್ನಲ್‌ನಲ್ಲಿ 20ಕ್ಕೆ 6. ವಿಷಯ ಗೊತ್ತು, ವಾಕ್ಯ ಬರಲ್ಲ. ನಾನು ಓದಿದ ಡಿಪಾರ್ಟ್‌ಮೆಂಟಲ್ಲಿ ಯಾರೂ ಪ್ರಬಂಧ ಹೇಗೆ ಕಟ್ಟೋದು ಅಂತ ಹೇಳ್ಕೊಡ್ತಿರ್ಲಿಲ್ಲ, ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್ ಒಂದು ಬ್ಯಾಚಿಂದ ಇನ್ನೊಂದು ಬ್ಯಾಚಿಗೆ ಪಿತ್ರಾರ್ಜಿತ ಆಸ್ತಿ ಥರ ಬರ್ತಿತ್ತು, ಅದ್ರಲ್ಲಿ ಕೀಟ್ಸ್ ಸತ್ತ ವರ್ಷಾನೇ ತಪ್ಪು. ಅದನ್ನ ಉರು ಹೊಡೆದು ಬರೆದ್ರೆ ಪಾಸಾಗ್ತೀರಿ. ಅಷ್ಟೇ ಆಗ್ತೀರಿ. ನನ್ನನ್ನ ಉಳಿಸಿದ್ದು ಹಾಸ್ಟೆಲ್ ರೂಂಮೇಟ್, ಬೆಂಗಳೂರಿನ ಹುಡುಗಿ, ದಿನಾ ರಾತ್ರಿ ನನ್ನ ಒಂದು ಪುಟ ತಿದ್ದುತ್ತಿದ್ಲು, ಬದಲಿಗೆ ನಾನು ಅವಳಿಗೆ ಅನಂತಮೂರ್ತಿಯವರ ಸಂಸ್ಕಾರ ಹೇಳ್ಕೊಡ್ತಿದ್ದೆ, ಅದು ನಮಗೆ ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಪಠ್ಯ ಆಗಿತ್ತು, ಅವಳಿಗೆ ಅಗ್ರಹಾರ ಅಂದ್ರೆ ಏನು, ಹೆಣ ಮನೇಲಿರುವಾಗ ಯಾಕೆ ಊಟ ಮಾಡಲ್ಲ ಅನ್ನೋದು ಒಂದೂ ಗೊತ್ತಿರ್ಲಿಲ್ಲ.

ಎರಡನೇ ಹೊಡೆತ ಬೈಬಲ್. ಇಂಗ್ಲಿಷ್ ಸಾಹಿತ್ಯದಲ್ಲಿ ಪುಟಕ್ಕೊಂದು ಕಡೆ ಬೈಬಲ್ಲೋ ಗ್ರೀಕ್ ಪುರಾಣಾನೋ ಇಣುಕುತ್ತೆ, ನಮಗೆ ರಾಮಾಯಣ ಮಹಾಭಾರತ ಗೊತ್ತಿರೋ ಹಾಗೆ ಅವರಿಗೆ ಅದು ಗೊತ್ತು. ಇದಕ್ಕೆ ಸುಲಭ ಉಪಾಯ ಇದೆ, ಸೇರೋಕೆ ಮುಂಚೆ ಕನ್ನಡ ಬೈಬಲ್ ತಗೊಂಡು ಆದಿಕಾಂಡ, ವಿಮೋಚನಕಾಂಡ, ಯೋಬನ ಪುಸ್ತಕ, ನಾಲ್ಕು ಸುವಾರ್ತೆಗಳು ಇಷ್ಟು ಓದ್ಬಿಡಿ. ಕನ್ನಡದಲ್ಲೇ ಸಾಕು. ಗ್ರೀಕರದ್ದು ಇಲಿಯಡ್ ಒಡಿಸ್ಸಿ ಕಥೆ ತಿಳ್ಕೊಳ್ಳಿ. ಬೇಸಿಗೆ ರಜೇಲಿ ಮುಗಿಯುತ್ತೆ.

ಥಿಯರಿ ಪೇಪರ್, ಅಂದ್ರೆ ಸಾಹಿತ್ಯವನ್ನ ಹೇಗೆ ಓದ್ಬೇಕು ಅನ್ನೋ ಸಿದ್ಧಾಂತಗಳ ಪೇಪರ್ ಬಗ್ಗೆ ಹೆದರಿಸ್ತಾರೆ, ಫ್ರೆಂಚ್ ಚಿಂತಕ ಡೆರಿಡಾ ಗಿರಿಡಾ ಅಂತ. ಮೊದಲ ಸಲ ಯಾರಿಗೂ ಅರ್ಥ ಆಗಲ್ಲ, ಆದವರಂತೆ ನಟಿಸ್ತಾರೆ. ಆದ್ರೆ ಕಲ್ಚರಲ್ ಸ್ಟಡೀಸ್ ಅಂತ ಒಂದು ಪೇಪರ್ ಸಿಕ್ಕಿದ್ರೆ ಬಿಡಬೇಡಿ. ಕಲ್ಚರ್ ಅಂದ್ರೆ ದೊಡ್ಡವರ ಸಂಗೀತ, ನಾಟಕ ಮಾತ್ರ ಅಲ್ಲ, ಕೂಲಿಯವರು ಓದೋ ಪತ್ರಿಕೆ, ನೋಡೋ ಸಿನಿಮಾನೂ ಹೌದು ಅಂತ ಬ್ರಿಟಿಷ್ ವಿಮರ್ಶಕ ರೇಮಂಡ್ ವಿಲಿಯಮ್ಸ್ ಥರದವರು 1950ರ ದಶಕದಲ್ಲಿ ವಾದ ಮಾಡಿದ್ರು, 1964ರಲ್ಲಿ ಬರ್ಮಿಂಗ್‌ಹ್ಯಾಂ ಯೂನಿವರ್ಸಿಟೀಲಿ ಇದಕ್ಕೇ ಅಂತ ಒಂದು ಸೆಂಟರ್ ಶುರುವಾಯ್ತು. ಅದೇ ಯೂನಿವರ್ಸಿಟೀಲಿ ಅದೇ ಸುಮಾರಿಗೆ ಅನಂತಮೂರ್ತಿ ಪಿಎಚ್‌ಡಿ ಮಾಡ್ತಿದ್ರು, ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ ಸಬ್‌ಟೈಟಲ್ ಇಲ್ಲದ ಒಂದು ಸಿನಿಮಾ ನೋಡ್ಕೊಂಡು ಬಂದು ಸಂಸ್ಕಾರ ಬರೆಯೋಕೆ ಕೂತ್ರು, ಇದನ್ನ ಅವರೇ ಹೇಳ್ಕೊಂಡಿದಾರೆ. ನೋಡಿ, ಇಂಗ್ಲಿಷ್ ಓದೋಕೆ ಹೋಗಿ ಕನ್ನಡ ಕಾದಂಬರಿ ಬರೆದವರು. ನಮ್ಮಲ್ಲಿ ಇದು ಹಳೇ ರೋಗ. ಬಿಎಂಶ್ರೀ ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಪಾಠ ಮಾಡ್ತಿದ್ದಿದ್ದು ಇಂಗ್ಲಿಷ್, ಗೋಕಾಕ್, ಅಡಿಗ, ಲಂಕೇಶ್ ಎಲ್ಲಾ ಇಂಗ್ಲಿಷ್ ಮೇಷ್ಟ್ರುಗಳೇ. 'ಕರುಣಾಳು ಬಾ ಬೆಳಕೆ' ನಮ್ಮ ಸ್ಕೂಲಲ್ಲಿ ಪ್ರಾರ್ಥನೆ ಇತ್ತು, ಅದು ನ್ಯೂಮನ್ ಅನ್ನೋ ಇಂಗ್ಲಿಷ್ ಪಾದ್ರಿಯ ಪದ್ಯ, ಬಿಎಂಶ್ರೀ ಕನ್ನಡಕ್ಕೆ ತಂದಿದ್ದು ಅಂತ ಗೊತ್ತಾಗಿದ್ದು ನನಗೆ ಎಂಎಗೆ ಬಂದ್ಮೇಲೆ.

ಇನ್ನೂ ಒಂದು ತಮಾಷೆ. ಆಕ್ಸ್‌ಫರ್ಡಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಅಂತ ಪ್ರತ್ಯೇಕ ವಿಭಾಗ ಆಗಿದ್ದು 1894ರಲ್ಲಿ, ಕೇಂಬ್ರಿಜಲ್ಲಿ ಇಂಗ್ಲಿಷ್ ಟ್ರೈಪಾಸ್, ಅಂದ್ರೆ ಅಲ್ಲಿನ ಡಿಗ್ರಿ ಕೋರ್ಸ್, ಬಂದಿದ್ದು 1917ರಲ್ಲಿ. ಅದಕ್ಕೆ ಮುಂಚೆ ಅಲ್ಲಿ ಸಾಹಿತ್ಯ ಅಂದ್ರೆ ಗ್ರೀಕು ಲ್ಯಾಟಿನ್. ನಮ್ಮ ದೇಶದಲ್ಲಿ ಇಂಗ್ಲಿಷ್ ಶಿಕ್ಷಣ ಬೇಕು ಅಂದ ಮೆಕಾಲೆ ಟಿಪ್ಪಣಿ 1835ರದ್ದು, ಕಾಲೇಜು ಹುಡುಗರು ಅಷ್ಟೊತ್ತಿಗೇ ಷೇಕ್ಸ್‌ಪಿಯರ್ ಓದಿ ಪರೀಕ್ಷೆ ಬರೀತಿದ್ರು. ಈ ಸಬ್ಜೆಕ್ಟು ಅವರದ್ದು, ನಾವು ಹೊರಗಿನವರು ಅಂತ ಕ್ಲಾಸಲ್ಲಿ ಮೂಲೇಲಿ ಕೂರಬೇಕು ಅನ್ಸಿದಾಗ ಇದನ್ನ ನೆನಪು ಮಾಡ್ಕೊಳ್ಳಿ.

ಈಗ ಕೆಲಸ. ಬರೀ ಎಂಎ ಡಿಗ್ರಿಗೆ ಬೆಲೆ ಕಮ್ಮಿ. ಹೈಸ್ಕೂಲಿಗೆ ಹೋಗ್ಬೇಕಂದ್ರೆ ಬಿ.ಎಡ್ ಬೇಕು. ಡಿಗ್ರಿ ಕಾಲೇಜಿಗಾದ್ರೆ ಎಂಎಯಲ್ಲಿ 55 ಪರ್ಸೆಂಟ್, ಮೀಸಲಾತಿ ಇರೋರಿಗೆ 50, ಜೊತೆಗೆ ನೆಟ್ ಅಥವಾ ಕೆಸೆಟ್, ಎರಡೂ ಕಾಲೇಜಲ್ಲಿ ಪಾಠ ಮಾಡೋಕೆ ಬೇಕಾದ ಅರ್ಹತಾ ಪರೀಕ್ಷೆ, ನೆಟ್ ಇಡೀ ದೇಶದ್ದು, ಕೆಸೆಟ್ ಕರ್ನಾಟಕದ್ದು. ನೆಟ್‌ನಲ್ಲಿ ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಮಾರ್ಕ್ಸ್, ಮೂರು ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನನಗೆ ಮೂರನೇ ಸಲಕ್ಕೆ ಆಯ್ತು. ಅದಕ್ಕೆ ಮುಂಚೆ ಎರಡು ವರ್ಷ ಒಂದು ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ, ಸಂಬಳ ನಾಲ್ಕೈದು ತಿಂಗಳಿಗೊಂದ್ಸಲ ಬರ್ತಿತ್ತು, ಬೇಸಿಗೇಲಿ ಅದೂ ಇಲ್ಲ, ಮನೆಯವರ ಹತ್ರ ಬಸ್‌ಚಾರ್ಜಿಗೆ ಕೈ ಚಾಚೋದು ಎಷ್ಟು ಕಷ್ಟ ಅನ್ನೋದನ್ನ ಈಗ್ಲೇ ತಿಳ್ಕೊಂಡು ಬನ್ನಿ. ಮನೇಲಿ ತಕ್ಷಣ ದುಡ್ಡು ಬೇಕು ಅನ್ನೋ ಪರಿಸ್ಥಿತಿ ಇದ್ರೆ ಮೊದಲು ಬಿ.ಎಡ್ ಮಾಡಿ, ಎಂಎನ ದೂರಶಿಕ್ಷಣದಲ್ಲೂ ಮಾಡ್ಬಹುದು. ನನ್ನ ಬ್ಯಾಚಿನವರಲ್ಲಿ ಒಬ್ಬ ಬ್ಯಾಂಕಲ್ಲಿದಾನೆ, ಒಬ್ಬಳು ಬೆಂಗಳೂರಲ್ಲಿ ಕಂಟೆಂಟ್ ರೈಟರ್, ಇನ್ನೊಬ್ಬ ಇಂಗ್ಲಿಷ್ ಕನ್ನಡ ಎರಡೂ ಚೆನ್ನಾಗಿದೆ ಅಂತ ಅನುವಾದ, ಸಬ್‌ಟೈಟಲ್ ಕೆಲಸ ಹಿಡಿದಿದಾನೆ, ನಮ್ಮೆಲ್ಲರಿಗಿಂತ ಅವನೇ ಆರಾಮಾಗಿದಾನೆ ಅನ್ಸುತ್ತೆ.

ಮಾತಾಡೋ ಭಯದ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ನಾನು ಮಾಡಿದ್ದು ಇಷ್ಟೇ, ದಿನಾ ಒಂದು ಪುಟ ಜೋರಾಗಿ ಓದೋದು, ಹಾಸ್ಟೆಲ್ ಟೆರೇಸ್ ಮೇಲೆ, ಬಟ್ಟೆ ಒಣಗಾಕೋ ಹೊತ್ತಲ್ಲಿ. ನಾಟಕ ತಗೊಳ್ಳಿ, ಕಾದಂಬರಿ ಬೇಡ, ನಾಟಕದಲ್ಲಿ ಮಾತೇ ಇರೋದು. ಹಳೇ ಪುಸ್ತಕಗಳೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಫ್ರೀ ಸಿಗುತ್ತೆ. ಅರ್ಜಿ ಹಾಕೋಕೆ ಮುಂಚೆ ನಿಮ್ಮ ಯೂನಿವರ್ಸಿಟಿಯ ಸಿಲಬಸ್ ಇಳಿಸ್ಕೊಂಡು ನೋಡಿ, ಕಾಮೆಂಟಲ್ಲಿ ಹಾಕಿದ್ರೆ ಮೊದಲ ಸೆಮಿಸ್ಟರಿಗೆ ಯಾವುದನ್ನ ಮುಂಚೆ ಓದ್ಕೊಂಡ್ರೆ ಒಳ್ಳೇದು ಅಂತ ಹೇಳ್ತೀನಿ, ಭಾನುವಾರ ಆದ್ರೆ ಬೇಗ ಉತ್ತರ ಕೊಡೋಕಾಗುತ್ತೆ.